ಕ್ರ್ಯಾಬ್ ಕೇಕಿನ ತಜ್ಞ ಗುಣಪಾಲ

ಗುಣಪಾಲ ಜನ್ಮದಲ್ಲಿ ಏಡಿ ತಿಂದವನಲ್ಲ. ಮೂಡುಬಿದಿರೆಯ ಜೈನರ ಮನೆಯಲ್ಲಿ ಹುಟ್ಟಿ, ಹೊತ್ತು ಮುಳುಗಿದ ಮೇಲೆ ಅನ್ನವನ್ನೂ ಮುಟ್ಟದೆ ಬೆಳೆದ ಈ ಮನುಷ್ಯ ಅಮೆರಿಕದ ಪಾಲೋ ಆಲ್ಟೋದಲ್ಲಿ ಕ್ರ್ಯಾಬ್ ಕೇಕಿನ ತಜ್ಞನಾದದ್ದು ಒಂದೇ ಒಂದು ಸಲ ತಲೆಯಾಡಿಸಿದ್ದರಿಂದ. ಅದು ೧೯೯೯. ಅಮೆರಿಕದ ಯಾವ ಊರಿನ ಯಾವ ಅಡುಗೆ ಅಸಲಿ ಎಂದು ಜಗತ್ತಿಗೆ ತಿಳಿಸಲು ಹೊರಟ ಡಾಟ್ ಕಾಮ್ ಕಂಪನಿ. "ನೀನು ಕರಾವಳಿಯವನಲ್ಲವೇ? ಏಡಿಯ ಅಡುಗೆಯಲ್ಲಿ ಕೈ ಪಳಗಿರಬೇಕು," ಎಂದು ಬಾಸು ಡೆನಿಸ್ ಇಂಟರ್‌ವ್ಯೂನಲ್ಲಿ ಅಂದಾಗ, ವೀಸಾದ ಚಿಂತೆಯಲ್ಲಿದ್ದ ಗುಣಪಾಲ ಹೌದೆಂದು ತಲೆಯಾಡಿಸಿಬಿಟ್ಟ.

ಆಮೇಲೆ ಏಳು ತಿಂಗಳು ಲೈಬ್ರರಿಯ ಪುಸ್ತಕಗಳನ್ನು ನೋಡಿ ಧಾರಾಳವಾಗಿ ಬರೆದ. ಕ್ರ್ಯಾಬ್ ಕೇಕೆಂದರೆ ಸಿಹಿತಿಂಡಿಯಲ್ಲ, ಏಡಿಯ ಮಾಂಸದ ಕಟ್ಲೆಟ್ಟು. ಮೇರಿಲ್ಯಾಂಡಿನದಾದರೆ ಬ್ರೆಡ್ಡಿನ ಪುಡಿ ಅಂಟಿಕೊಳ್ಳುವುದಕ್ಕೆ ಬೇಕಾದಷ್ಟೇ, ಮಾಂಸ ತುಂಡು ತುಂಡಾಗಿಯೇ ಉಳಿಯಬೇಕು. ಇಲ್ಲಿಯ ಕಡಲಿನದಾದರೆ ಏಡಿಯೇ ಸಿಹಿ, ಮಸಾಲೆ ಸುರಿದವನು ಪಾಪಿ. ಬಾಯಲ್ಲಿ ನೀರೂರಿತೆಂದು ಓದುಗರು ಇ-ಮೇಲ್ ಮಾಡಿದರು. ಗುಣಪಾಲ ಅದನ್ನು ಓದುತ್ತಾ ಡಬ್ಬಿಯ ಮೊಸರನ್ನ ತಿಂದ.

ಡಿಸೆಂಬರಿನಲ್ಲಿ ಗ್ರಹಚಾರ ಬಂತು. ಬಂಡವಾಳ ಹಾಕುವವರು ಬರುತ್ತಾರೆ, ಅವರೆದುರು ತಜ್ಞರು ತಿಂದು ತೀರ್ಪು ಕೊಡಬೇಕು, ಸಂಜೆ ಆರಕ್ಕೆ ಎಂದ ಡೆನಿಸ್.

"ಸತ್ಯ ಹೇಳಿಬಿಡಿ ಮಾರಾಯ್ರೆ," ಎಂದಳು ಹೆಂಡತಿ ಆಶಾಲತಾ. "ಕೆಲಸ ಹೋದ್ರೆ ಊರಿಗೆ ಹೋಗುವಾ. ಅದನ್ನು ತಿಂದು ಅತ್ತೆಗೆ ಹೇಗೆ ಮುಖ ತೋರಿಸ್ತೀರಿ?"

"ತಿನ್ನುದೂ ಇಲ್ಲ, ಕೆಲಸ ಹೋಗುದೂ ಇಲ್ಲ. ನೋಡ್ತಾ ಇರು."

ಮಾರನೆಯ ದಿನ ಗಂಭೀರ ಮುಖ ಮಾಡಿಕೊಂಡು ಹೋಗಿ, ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನಬಾರದೆಂಬುದು ತನ್ನ ಧರ್ಮದ ನಿಯಮ ಎಂದು ಡೆನಿಸ್‌ಗೆ ಹೇಳಿದ. ಡೆನಿಸನ ಕಣ್ಣು ತೇವವಾಯಿತು. ಎಲ್ಲರ ನಂಬಿಕೆಯನ್ನೂ ಗೌರವಿಸುವ ಕಂಪನಿ ಇದು ಎಂದು ಗುಣಪಾಲನ ಹೆಗಲು ತಟ್ಟಿ, ಆ ಕ್ಷಣವೇ ಕಾರ್ಯಕ್ರಮವನ್ನು ಮಧ್ಯಾಹ್ನ ಹನ್ನೆರಡಕ್ಕೆ ಬದಲಾಯಿಸಿದ.

ಸೂರ್ಯ ನೆತ್ತಿಯ ಮೇಲಿದ್ದ, ತಟ್ಟೆ ಎದುರಿಗಿತ್ತು. ಗುಣಪಾಲ ಫೋರ್ಕಿನಲ್ಲಿ ಚುಚ್ಚಿ ಬಾಯಿಯ ತನಕ ಒಯ್ದ. ಕ್ಯಾಮೆರಾ ಮಿಂಚಿತು. ಅಮ್ಮನ ಮುಖ ಕಣ್ಣೆದುರು ಬಂದು ಕೈ ತಾನಾಗಿ ಕೆಳಗಿಳಿಯಿತು. ಒಂದು ನಿಮಿಷ ಎಂದು ಡೆನಿಸನನ್ನು ಪಕ್ಕದ ಕೋಣೆಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಅವನಿಗೆ ನಿಜಕ್ಕೂ ಅಳು ಬಂದಿತ್ತು.

"ಶ್!" ಎಂದ ಡೆನಿಸ್. "ಏಡಿ ತಿಂದರೆ ನನಗೆ ಗಂಟಲು ಊದಿಕೊಳ್ಳುತ್ತದೆ. ನಾನು ಯಾರಿಗಾದರೂ ಹೇಳಿದ್ದೇನೆಯೇ? ಹೋಗಿ ಅಸಲಿ ಅನ್ನು, ಸಾಕು."

ಗುಣಪಾಲ ಹೋಗಿ ಅಸಲಿ ಎಂದ. ಚಪ್ಪಾಳೆ ಬಿತ್ತು. ವ್ರತವೂ ಉಳಿಯಿತು, ಕೆಲಸವೂ ಉಳಿಯಿತು ಎಂದು ಹೆಂಡತಿಯೆದುರು ಬೀಗಿದ್ದೇ ಬೀಗಿದ್ದು.

ಭಾನುವಾರ ಬೆಳಿಗ್ಗೆ ಮೂಡುಬಿದಿರೆಯಿಂದ ಅಮ್ಮನ ಫೋನು ಬಂತು. ಅಣ್ಣನ ಮಗ ಅಮಿತ್ ಸೈಬರ್ ಕೆಫೆಗೆ ಹೋಗಿ, ಕಂಪನಿಯ ವೆಬ್‌ಸೈಟಿನಲ್ಲಿದ್ದ ಚಿಕ್ಕಪ್ಪನ ಫೋಟೋವನ್ನು ಪ್ರಿಂಟು ಹಾಕಿಸಿ ಅಜ್ಜಿಗೆ ತಂದು ಕೊಟ್ಟಿದ್ದನಂತೆ. ಬಾಯಿ ತೆರೆದ ಗುಣಪಾಲ, ತುಟಿಯ ಹತ್ತಿರ ಏಡಿ.

"ತಿನ್ನಲಿಲ್ಲಮ್ಮ! ನಿನ್ನಾಣೆ, ತಿನ್ನಲಿಲ್ಲ!"



"ಆಯ್ತು ಮಗಾ, ಹೊಟ್ಟೆಪಾಡು, ಎಂತ ಮಾಡುದು," ಎಂದಳು ಅಮ್ಮ ಮೆಲ್ಲಗೆ. "ಹೊತ್ತು ಕಂತುವ ಮೊದಲೇ ತಿಂದದ್ದಲ್ವಾ?"