ಓಣಿಗೆ ಓಣಿಯೇ ಕೆಮ್ಮು

“ನಿನ್ನೆ ಐದು ರೂಪಾಯಿ ಇತ್ತು, ಖರೇ. ಇವತ್ತ ಮೂವತ್ತೈದು. ಮುಂಜಾನಿ ಪೇಪರ್ ನೋಡಿಲ್ಲೇನು?” ಎನ್ನುತ್ತ ಬ್ಯಾಡಗಿಯ ಔಷಧಿ ಅಂಗಡಿಯವನು ದುಡ್ಡನ್ನು ಕೈಗೆ ಕೊಡದೆ ಮೇಜಿನ ಮೇಲಿಡಲು ಸನ್ನೆ ಮಾಡಿದ. ಉಡಚಪ್ಪ ನಾಲ್ಕು ಮಾಸ್ಕ್ ಕೊಂಡ. ಸತ್ತ ಹೆಂಡತಿಗೆ ಉಡಿಸುವ ಹಸಿರು ಸೀರೆಗೆ ನೂರಾ ಇಪ್ಪತ್ತು ಕೊಟ್ಟಿದ್ದ; ಅವಳನ್ನು ಹೊರುವವರ ಮೂಗು ಬಾಯಿಗೆ ನೂರಾ ನಲವತ್ತಾಯಿತು.

ಮನೆಯ ಮುಂದೆ ಕರಿಯವ್ವನ ಹೆಣವಿತ್ತು, ಹೊರುವವರಿರಲಿಲ್ಲ. ನೆರೆಮನೆಯ ರಸೂಲಬಿ ಒಬ್ಬಳೇ ಬಂದು ಮೈ ತೊಳೆದಿದ್ದಳು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಗೋದಾಮಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವರು.

ಉಡಚಪ್ಪನ ಜೊತೆಯ ಹಮಾಲ ಶೇಖಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು ಓಣಿಯ ತಿರುವಿನಲ್ಲೇ ನಿಂತಿದ್ದ.

“ಶೇಖಣ್ಣಾ, ನಾಕು ಮಂದಿ ಸಾಕು. ಮಾಸ್ಕ್ ತಂದೇನಿ.”

“ಈ ಮಣ್ಣಿಗೆ ಹೋದವರು ಹದಿನೈದು ದಿನ ಕೆಲಸಕ್ಕ ಬರೂದು ಬ್ಯಾಡ ಅಂದಾರಪಾ ಸಾವ್ಕಾರ್ರು. ಕೂಲಿ ಬಿಟ್ಟು ಉಣ್ಣೂದೇನು?”

“ಆಕಿಗೆ ಎಂಟು ವರ್ಷದ ದಮ್ಮು. ನಿನಗ ಗೊತ್ತಿಲ್ಲೇನು?”

“ನನಗ ಗೊತ್ತೈತಿ, ಪೇಪರಿಗೆ ಗೊತ್ತಿಲ್ಲಲ್ಲ.”

ರಸೂಲಬಿ ಸಿಡಿದಳು: “ಕ್ವಿಂಟಲ್ ಚೀಲಾ ಹೊರೂ ಗಂಡಸು! ನಮ್ಮ ಕರಿಯವ್ವ ಮೂವತ್ತೈದು ಕಿಲೋನೂ ಇಲ್ಲ. ಭಾರ ಆದಳೇನಪಾ?”

ಶೇಖಪ್ಪ ಬಂದ ಕೆಮ್ಮನ್ನು ಟವೆಲಿನಲ್ಲಿ ಅದುಮಿಕೊಂಡು ಹೊರಟುಹೋದ.

*

ಹಿಂದಿನ ದಿನ, ಕರಿಯವ್ವನಿಗೆ ಇನ್ನೂ ಉಸಿರಿದ್ದಾಗ, ಹಾವೇರಿಯ ದವಾಖಾನೆಯ ಹೊರಗೆ ಉಡಚಪ್ಪನಿಗೆ ಚಹಾ ಕೊಡಿಸಿದವನು ವರದಿಗಾರ ಪ್ರೇಮಕುಮಾರ. ಊರೂರಿಗೂ ಹಂದಿ ಜ್ವರದ ಹೆದರಿಕೆ; ಅವಳ ಗಂಟಲಿನ ದ್ರವವನ್ನೂ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದರು.

“ಓಣ್ಯಾಗ ಮತ್ಯಾರಿಗರೆ ಕೆಮ್ಮು ಅದ ಏನ್ರಿ?”

ದವಾಖಾನೆಯಲ್ಲಿ ಕಳೆದ ಮೂರು ದಿನಗಳಲ್ಲಿ ಉಡಚಪ್ಪನನ್ನು ‘ರಿ’ ಹಚ್ಚಿ ಮಾತಾಡಿಸಿದವನು ಈ ವರದಿಗಾರನೊಬ್ಬನೇ. ಉಡಚಪ್ಪ ಸಲಿಗೆಯಿಂದ ನಕ್ಕ. “ನಮ್ಮ ಓಣ್ಯಾಗ ಕೆಮ್ಮದವರು ಯಾರದಾರ್ರಿ! ಮೆಣಸಿನಕಾಯಿ ಘಾಟು. ಕೂಸಿನಿಂದ ಹಿಡದು ಮುದುಕರ ತನಕ ಎಲ್ಲಾರೂ ಕೆಮ್ಮತಾರ.”

ಪ್ರೇಮಕುಮಾರ ಬರೆದುಕೊಂಡ. ಬೆಳಿಗ್ಗೆ ಅಚ್ಚಾದದ್ದು: ‘ಹಂದಿ ಜ್ವರದ ಶಂಕೆ: ಬ್ಯಾಡಗಿಯಲ್ಲಿ ಓಣಿಗೆ ಓಣಿಯೇ ಕೆಮ್ಮು’. ಘಾಟಿನ ಮಾತು ಎಲ್ಲೂ ಇರಲಿಲ್ಲ.

*

ಬಿಸಿಲೇರಿದಾಗ ಪ್ರೇಮಕುಮಾರನೇ ಬೈಕಿನಲ್ಲಿ ಬಂದ.

“ರಿಪೋರ್ಟ್ ಬಂತ್ರಿ. ಹಂದಿ ಜ್ವರ ಅಲ್ಲ.”

“ಹಂಗಾರ ಓಣಿಗೆಲ್ಲಾ ಕೇಳೂ ಹಂಗ ಹೇಳ್ರಿ, ಸಾಹೇಬ್ರ.”

ಅವನು ಕೂಗಿ ಹೇಳಿದ. ಒಂದು ಕಿಟಕಿಯೊಳಗಿಂದ ಉತ್ತರ ಬಂತು: “ಪೇಪರಿನ್ಯಾಗ ಬರ್ಲಿ, ಆಮ್ಯಾಲೆ ನೋಡೂಣು!”

“ನಾಳೆ ಹಾಕಸ್ತೇನ್ರಿ,” ಎಂದ ಪ್ರೇಮಕುಮಾರ, ಸಣ್ಣ ದನಿಯಲ್ಲಿ.

“ನಾಳೆ ತನಕ ಹೆಣ ಇಡೂಣೇನು?” ರಸೂಲಬಿ ಅವನ ಮೇಲೆ ಹರಿಹಾಯ್ದಳು.

“ಬಿಡು ಯಕ್ಕಾ,” ಎಂದ ಉಡಚಪ್ಪ. “ಆ ಮಾತು ಆಡಿದಾವ ನಾನ.”

ರಸೂಲಬಿಯ ಗಂಡ ಖಲಂದರ ತನ್ನ ಬಾಳೆಹಣ್ಣಿನ ತಳ್ಳುಗಾಡಿ ತೊಳೆದು ತಂದ. ಅದರ ಮೇಲೆ ಕರಿಯವ್ವ ಹೊರಟಳು. ಗಾಡಿ ಹತ್ತಿರ ಬಂದಂತೆ ಬಾಗಿಲುಗಳು ಮುಚ್ಚಿಕೊಂಡವು. ಒಳಗೆ ಜನ ಕೆಮ್ಮುತ್ತಿದ್ದರು.

ಮಣ್ಣಿಗೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಉಡಚಪ್ಪನನ್ನು ಬಿಟ್ಟರೆ ಹಾಕಿದವರು ಮೂವರು: ರಸೂಲಬಿ, ಖಲಂದರ, ಪ್ರೇಮಕುಮಾರ. ಖಲಂದರ ಸಲಿಕೆ ಎತ್ತಿದಾಗ ಉಡಚಪ್ಪ ತಡೆದ. ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕುಳಿತು ಹಿಡಿ ಹಿಡಿಯಾಗಿ ತಾನೇ ಹಾಕತೊಡಗಿದ.

“ಇದು ಶೇಖಣ್ಣಂದು. ಇದು ಅವನ ಹೆಂಡ್ತೀದು. ಇದು ಗೂಡುಸಾಬಂದು…”

ಮೂವತ್ತು ವರ್ಷ ಕರಿಯವ್ವ ಬಾಳಿದ ಓಣಿ. ಹೆಸರುಗಳೆಲ್ಲ ಮುಗಿದವು. ಕುಣಿ ಅರ್ಧವೂ ತುಂಬಿರಲಿಲ್ಲ.