ಪಾರಿವಾಳದ ಹಾಲು, ಕೂಸಿನ ಹಾಲು

ಕುರ್ಡಿ ಗ್ರಾಮದ ಅಮರಮ್ಮನ ಮನೆಯಲ್ಲಿ ಬೆಳಗಿನಿಂದ ಕೂಸು ಒಂದೇ ಸಮನೆ ಅಳುತ್ತಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ದುರ್ಗಾದೇವಿ ಎರಡು ದಿನದ ಬಾಣಂತಿ. ಆಸ್ಪತ್ರೆಯಲ್ಲಿ ನರ್ಸಮ್ಮ ತಾಯಿಯಿಂದ ಎದೆಹಾಲು ಕುಡಿಸಿಯೇ ಕಳಿಸಿದ್ದರು. ಮನೆಗೆ ಬಂದದ್ದೇ ತಡ, ಅಮರಮ್ಮ ಅದನ್ನು ನಿಲ್ಲಿಸಿ ಅರಳೆಯಲ್ಲಿ ಅದ್ದಿ ಕೂಸಿನ ಬಾಯಿಗೆ ಸಕ್ಕರೆ ನೀರು ಹಿಂಡತೊಡಗಿದ್ದಳು.

ಕೂಸನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ಜಾಹೆದಾ ಹೊಸ್ತಿಲಲ್ಲೇ ಕೇಳಿದಳು, “ಯವ್ವಾ, ಹಾಲು ಕುಡಿಸಿಲ್ಲೇನ್ರಿ?”

“ಹಳದಿ ಹಾಲು ಬರಾಕತ್ತದ ಬೇ. ಹೊಲಸು ಅದು. ಮೂರು ದಿನ ಹಿಂಡಿ ಚೆಲ್ಲಬೇಕು. ನಮ್ಮತ್ತಿ ಹಂಗೇ ಮಾಡಿಸಿದ್ಲು.”

ಜಂತಿಗೆ ಕಟ್ಟಿದ ಡಬ್ಬಿಯಲ್ಲಿ ಅಮರಮ್ಮ ಸಾಕಿದ ಪಾರಿವಾಳಗಳು ಗುಟುರು ಹಾಕಿದವು. ಜಾಹೆದಾ ತಲೆಯೆತ್ತಿ ನೋಡಿದಳು.

“ಮರಿ ಆಗ್ಯಾವೇನ್ರಿ? ಜ್ವಾಳ ಹಾಕ್ತೀರೇನು ಅವಕ್ಕ?”

“ಹುಚ್ಚಿ, ಅಷ್ಟು ಸಣ್ಣ ಮರಿ ಜ್ವಾಳ ತಿಂತದೇನು? ತಾಯಿ ಬಾಯಾಗ ಬಾಯಿ ಇಟ್ಟು ಏನೋ ಕುಡಿಸ್ತದ. ಮೊಸರಿನ ಗಡ್ಡಿ ಇದ್ದಂಗ, ಹಳದಿ ಹಳದಿ.”

“ಅದೂ ಹಾಲೇ ಯವ್ವಾ. ಅದರ ಗಂಟಲ ಚೀಲದಾಗ ತಯಾರಾಗ್ತದ. ಮರಿ ಬೆಳ್ಯಾಕ ಬೇಕಾದ ಸತ್ವ, ರೋಗ ತಡಿಯೋ ಶಕ್ತಿ, ಎಲ್ಲಾ ಅದರಾಗ ಅದ. ಗಂಡು ಪಾರಿವಾಳಾನೂ ಕುಡಿಸ್ತದ.”

“ಗಂಡೂನಾ? ನಮ್ಮ ಮನಿಯವ್ರು ಕೂಸು ಎತ್ತಾಕೂ ಅಂಜ್ತಾರ ನೋಡು.”

ಒಳಗೆ ದುರ್ಗಾದೇವಿ ಕಿಸಕ್ಕನೆ ನಕ್ಕಳು. ಆದರೆ ಅಮರಮ್ಮನ ನಗು ಅರ್ಧಕ್ಕೇ ನಿಂತಿತು.

“ಹೋದ ವರ್ಷ ಮರಿ ಬಿಟ್ಟು ತಾಯಿ-ತಂದಿ ಎರಡನ್ನೂ ಬೆಕ್ಕು ಒಯ್ತು. ಮರಿಗೆ ನಾನೇ ಜ್ವಾಳದ ಗಂಜಿ ಕುಡಿಸಿದೆ. ಉಳೀಲಿಲ್ಲ.”

“ನಿಮ್ಮ ಮಾಯಿ-ಮಮತಿ ಕಡಿಮಿ ಇರಲಿಲ್ಲ ಯವ್ವಾ. ಆ ಮರಿಗೆ ತಾಯಿ-ತಂದಿ ಹಾಲು ಸಿಗಲಿಲ್ಲ, ಅಷ್ಟ. ನಮ್ಮ ಕೂಸಿಗೆ ಈ ಹಳದಿ ಹಾಲೇ ಮೊದಲ್ನೇ ಲಸಿಕಿ ಇದ್ದಂಗ. ಸಕ್ಕರಿ ನೀರಿನಾಗ ಆ ಶಕ್ತಿ ಎಲ್ಲಿಂದ ಬರಬೇಕು?”

ಅಮರಮ್ಮ ಅರಳೆಯನ್ನು ಪಕ್ಕಕ್ಕಿಟ್ಟಳು. ಕೂಸನ್ನೆತ್ತಿ ಮಗಳ ಮಡಿಲಿಗೆ ಹಾಕಿದಳು. “ಕುಡಿಸು. ಯಾರರ ಕೇಳಿದ್ರ ನಾ ಹೇಳ್ತೀನಿ.”

ಕೂಸು ತಡಕಾಡಿತು, ಎದೆಗೆ ಬಾಯಿ ಹಾಕಿತು. ಅಳು ನಿಂತು, ಗುಟುಕರಿಸುವ ಸದ್ದೊಂದೇ ಉಳಿಯಿತು. ಅಮರಮ್ಮ ಸೆರಗು ಸಿಕ್ಕಿಸಿಕೊಂಡು ಸರಸರನೆ ಪಕ್ಕದ ಮನೆಗೆ ನಡೆದೇಬಿಟ್ಟಳು. “ಹೀರಾಬಿ, ನಿನ್ನ ಸೊಸಿಗೆ ದಿನ ತುಂಬ್ಯಾವಲ್ಲ, ಹೊರಗ ಬಾ, ಒಂದು ಮಾತು ಅದ.”

ಅಕ್ಕಂದಿರೇ, ಅಣ್ಣಂದಿರೇ, ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ. ಹಳದಿ ಹಾಲನ್ನು ಒಂದು ಹನಿಯೂ ಚೆಲ್ಲಬೇಡಿ. ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ, ಜೇನೂ ಬೇಡ. ಕೂಸು ಹಾಲು ಹಿಡಿಯದಿದ್ದರೆ ಕೂಡಲೇ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ನಿಮ್ಮ ಓಣಿಯಲ್ಲಿ ಯಾರಿಗೆ ದಿನ ತುಂಬಿವೆ? ಇವತ್ತೇ ಅವರ ಮನೆಗೆ ಹೋಗಿ ಹೇಳಿ.