ಅಗ್ರಿಮೆಂಟಿನಲ್ಲಿ ಮುನಿಗಂಗಮ್ಮ

ಕಳವಾರ ಹಳ್ಳಿಯ ತನುಜಳಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಕ್ಕಿತ್ತು. ಸಿಗದೇ ಇದ್ದದ್ದು ಒಳ್ಳೆಯ ದಿನ.

ತನುಜ ಯಲಹಂಕದ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೆರಿಗೆ ರಜೆ ಮುಗಿದು ಸೋಮವಾರ ಕೆಲಸಕ್ಕೆ ಹೋಗಬೇಕು. ಗಂಡ ಮುನೇಶನಿಗೂ ಅಲ್ಲೇ ಗ್ಯಾರೇಜಿನಲ್ಲಿ ಕೆಲಸ. ಏಳು ತಿಂಗಳ ಮಗು ಅಮೃತಳನ್ನು ನೋಡಿಕೊಳ್ಳಲು ಅತ್ತೆ ಮುನಿಗಂಗಮ್ಮ ಜೊತೆಗೆ ಬರುವುದೆಂದು ಮಾತಾಗಿತ್ತು. ಆದರೆ ಮುಂದಿನ ವಾರ ಆಷಾಢ. ಆಷಾಢದಲ್ಲಿ ಹೊಸ ಮನೆಗೆ ಕಾಲಿಡುವುದಿಲ್ಲ ಎಂದು ಅತ್ತೆ ಪಟ್ಟು ಹಿಡಿದಿದ್ದರು. ಈ ಶುಕ್ರವಾರ ಹಾಲು ಉಕ್ಕಿಸದಿದ್ದರೆ ಒಂದು ತಿಂಗಳು ಮಗು ಅಜ್ಜಿಯ ಜೊತೆ ಊರಲ್ಲಿ, ತಾಯಿ ಬೆಂಗಳೂರಲ್ಲಿ.

ಗುರುವಾರ ಸಂಜೆ ಬ್ರೋಕರ್ ನರೇಂದ್ರ ಫೋನ್ ಮಾಡಿದ. "ಬೆಳಿಗ್ಗೆ ಬನ್ನಿ ಅಮ್ಮ, ಬೀಗದಕೈ ಕೊಡಿಸ್ತೀನಿ. ಹಾಲು ಉಕ್ಕಿಸಿ, ಅಡ್ವಾನ್ಸ್ ಕೊಡಿ. ಅಗ್ರಿಮೆಂಟ್‌ಗೆ ಆಮೇಲೆ ಸೈನ್ ಹಾಕಿದ್ರಾಯ್ತು."

ಪಕ್ಕದ ಮನೆಯ ಆಂಜಿನಮ್ಮ ಅಲ್ಲೇ ಮಗುವನ್ನು ಆಡಿಸುತ್ತಾ ಕೂತಿದ್ದರು. ಅವರು ದಿನಾ ಬಸ್ಸು ಹತ್ತಿ ಹೋಗಿ ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಕೆಲಸ ಮಾಡುವವರು.

"ಮುನಿಗಂಗಕ್ಕ, ಮೊದ್ಲು ಅಗ್ರಿಮೆಂಟ್ ಓದಿಸಿ. ಆಮೇಲೆ ಹಾಲು," ಎಂದರು.

"ಗುಡಿಸಿ ಒರೆಸೋಳಿಗೆ ಅಗ್ರಿಮೆಂಟ್ ವಿಷ್ಯ ಏನು ಗೊತ್ತಮ್ಮ? ನರೇಂದ್ರ ಗೌರಿಬಿದನೂರು ಕಡೆಯೋನು. ನಮ್ಮ ಕಡೆಯೋನು ಮೋಸ ಮಾಡ್ತಾನಾ?" ಎಂದರು ಮುನಿಗಂಗಮ್ಮ.

ಇಂಥ ಮಾತಿಗೆ ನಾನಾಗಿದ್ದರೆ ಎದ್ದು ಹೋಗುತ್ತಿದ್ದೆ. ಆಂಜಿನಮ್ಮ ನಕ್ಕರು. "ಗುಡಿಸ್ತಾ ಗುಡಿಸ್ತಾನೇ ಹನ್ನೊಂದು ವರ್ಷದಿಂದ ನೋಡ್ತಿದೀನಿ ಕಣಕ್ಕ. ಬರೋವಾಗ ಎಲ್ರೂ ನಗ್ತಾ ಬರ್ತಾರೆ. ಖಾಲಿ ಮಾಡೋವಾಗ ಗೋಡೆ ಬಣ್ಣಕ್ಕೆ ಇಷ್ಟು, ಮುರಿದ ನಲ್ಲಿಗೆ ಇಷ್ಟು ಅಂತ ಜಗಳ. ನಾಳೆ ನಂಗೆ ರಜ. ನಾನೂ ಬರ್ತೀನಿ."

ಶುಕ್ರವಾರ ಒಂಬತ್ತೂವರೆಗೆಲ್ಲ ಎಲ್ಲರೂ ಮಗುವನ್ನೆತ್ತಿಕೊಂಡು ಆ ಅಪಾರ್ಟ್‌ಮೆಂಟಿನ ಗೇಟು ದಾಟಿ ಒಳಗೆ ಹೋದರು. ಎರಡು ರೂಮು, ಬಿಸಿಲು ಬೀಳುವ ಬಾಲ್ಕನಿ, ಕೆಳಗೆ ಮಕ್ಕಳು ಆಡುವ ಜಾಗ. ಮನೆಯ ಓನರ್ ಸುಬ್ಬಲಕ್ಷ್ಮಮ್ಮ ನಿವೃತ್ತ ಟೀಚರ್, ಅದೇ ಕಟ್ಟಡದ ಮೇಲಿನ ಮಹಡಿಯಲ್ಲೇ ಇರುವವರು. ತನುಜಳಿಗೆ ಮನೆ ನೋಡಿದ ಕೂಡಲೇ ಹಿಡಿಸಿತು.

"ಹತ್ತೂವರೆಗೆ ರಾಹುಕಾಲ. ಬೇಗ ಒಲೆ ಹಚ್ಚಿ," ಎಂದ ನರೇಂದ್ರ. ಮುನಿಗಂಗಮ್ಮ ಪಾತ್ರೆಗೆ ಹಾಲು ಸುರಿದು ಬೆಂಕಿಪೊಟ್ಟಣ ತೆಗೆದರು.

ಆಂಜಿನಮ್ಮ ಓನರ್ ಕಡೆ ತಿರುಗಿದರು. "ಅಮ್ಮ, ಅಗ್ರಿಮೆಂಟ್ ಒಂದ್ಸಲ ಕೊಡ್ತೀರಾ? ತನುಜ ಓದಿ ಕನ್ನಡದಲ್ಲಿ ಹೇಳ್ಲಿ."

ಸುಬ್ಬಲಕ್ಷ್ಮಮ್ಮ ಸಂತೋಷವಾಗಿಯೇ ಕೊಟ್ಟರು. ಇಂಗ್ಲಿಷಿನಲ್ಲಿದ್ದ ಆ ಹನ್ನೊಂದು ತಿಂಗಳ ಅಗ್ರಿಮೆಂಟನ್ನು ತನುಜ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಬಣ್ಣದ ಖರ್ಚು ಹಿಡಿದುಕೊಳ್ಳಲಾಗುವುದು ಎಂದಿತ್ತು. "ಎಷ್ಟು ಅಂತ ಈಗ್ಲೇ ಬರೀರಿ ಅಮ್ಮ," ಎಂದರು ಆಂಜಿನಮ್ಮ. ಮೇಂಟೆನೆನ್ಸ್ ಯಾರು ಕಟ್ಟಬೇಕು, ಮನೆ ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಎಲ್ಲ ಕೇಳಿ ಬರೆಸಿದರು. ಗೋಡೆಯ ಮೇಲಿದ್ದ ಹಳೆಯ ಕಲೆಗಳ ಫೋಟೊವನ್ನು ಮುನೇಶ ಓನರ್ ಎದುರಿಗೇ ತೆಗೆದುಕೊಂಡ. ಮುನಿಗಂಗಮ್ಮ ಮಾತ್ರ ನಿಂತಲ್ಲಿ ನಿಲ್ಲಲಾರದೆ, "ಇನ್ನೂ ಎಷ್ಟುದ್ದ ಐತಮ್ಮ ಅದು?" ಎನ್ನುತ್ತಿದ್ದರು.

ತನುಜ ಮುಂದಿನ ಸಾಲು ಓದಿದಳು. "ವಾಸ ಮಾಡುವವರು ಮುನೇಶ್, ತನುಜ. ಇಬ್ಬರು ಮಾತ್ರ."

ಮುನಿಗಂಗಮ್ಮ ಬೆಂಕಿಪೊಟ್ಟಣ ಕೆಳಗಿಟ್ಟರು. "ಇಬ್ರೇನಾ? ನಾನೆಲ್ಲಿ? ನನ್ನ ಮೊಮ್ಮಗಳೆಲ್ಲಿ?"

ನರೇಂದ್ರ ಸೂರು ನೋಡಿದ. "ಇಬ್ರೇ ಅಂದ್ರೆ ಬೇಗ ಒಪ್ತಾರೆ ಅಂತ ಹೇಳ್ದೆ. ಒಳಗೆ ಬಂದ್ಮೇಲೆ ಯಾರಮ್ಮ ಎಣಿಸ್ತಾರೆ?"

"ಗೇಟಲ್ಲಿ ಎಣಿಸ್ತಾರಪ್ಪ," ಎಂದರು ಆಂಜಿನಮ್ಮ. "ಯಾವ ಮನೇಲಿ ಯಾರಿದಾರೆ ಅಂತ ಸೆಕ್ಯೂರಿಟಿಯೋರ ಹತ್ರ ಹೆಸರಿರ್ತದೆ. ಹೆಸರಿಲ್ದಿರೋ ಅಜ್ಜಿ ಮೊಸರು ತರೋಕೆ ಹೋದ್ರೂ, ವಾಪಸ್ ಬರೋವಾಗ ನೀನ್ಯಾರು ಅಂತ ನಿಲ್ಲಿಸ್ತಾರೆ."

ಗಂಟೆ ಹತ್ತು ಇಪ್ಪತ್ತಾಗಿತ್ತು. ಬಾಯಿ ಮುಚ್ಚಿಕೊಂಡು ಒಲೆ ಹಚ್ಚಿದ್ದರೆ ಮುಹೂರ್ತ ಸಿಗುತ್ತಿತ್ತು. ಆದರೆ ಮುನಿಗಂಗಮ್ಮ ಓನರ್ ಮುಂದೆ ಹೋಗಿ ನಿಂತರು.

"ಟೀಚರಮ್ಮ, ನಾವು ನಾಲ್ಕು ಜನ. ಸುಳ್ಳು ಹೇಳಿ ನಿಮ್ಮ ಮನೇಲಿ ಹಾಲು ಉಕ್ಕಿಸಲ್ಲ. ಒಪ್ಪಿದ್ರೆ ನಾಲ್ಕೂ ಹೆಸರು ಬರೀರಿ. ಇಲ್ಲಾಂದ್ರೆ ಹೊರಡ್ತೀವಿ."

ತನುಜ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವಳಿಗೆ ಭಯವಾಗಿತ್ತು.

ಸುಬ್ಬಲಕ್ಷ್ಮಮ್ಮ ನರೇಂದ್ರನನ್ನು ತರಗತಿಯ ಹುಡುಗನನ್ನು ನೋಡುವ ಹಾಗೆ ನೋಡಿದರು. "ಮನೇಲಿ ಹಿರಿಯರಿದ್ದಾರೆ ಅಂತ ಹೇಳಿದ್ರೆ ಇನ್ನೂ ಬೇಗ ಒಪ್ತಿದ್ದೆನಲ್ಲಪ್ಪ. ಇಬ್ರೂ ಕೆಲಸಕ್ಕೆ ಹೋದ್ರೆ ಹಗಲೆಲ್ಲ ಬೀಗ ಹಾಕಿರೋ ಮನೆ ಅಂತ ನಂಗೇ ಯೋಚನೆ ಆಗಿತ್ತು. ಹೋಗು, ನಾಲ್ಕು ಹೆಸರು ಹಾಕಿಸಿ ಹೊಸದಾಗಿ ಪ್ರಿಂಟ್ ತೆಗೆಸ್ಕೊಂಡು ಬಾ."

"ಅಷ್ಟರಲ್ಲಿ ರಾಹುಕಾಲ ಬರ್ತದಲ್ಲಮ್ಮ," ಎಂದ ನರೇಂದ್ರ.

"ಬರ್ಲಿ ಬಿಡಪ್ಪ," ಎಂದರು ಮುನಿಗಂಗಮ್ಮ. "ಅದು ಹನ್ನೆರಡಕ್ಕೆ ಹೋಗ್ತದೆ. ಈ ಕಾಗದ ಹನ್ನೊಂದು ತಿಂಗಳು ಇರ್ತದೆ."

ಎಲ್ಲರಿಗಿಂತ ಜೋರಾಗಿ ನಕ್ಕವರು ಆಂಜಿನಮ್ಮ.

ಹೊಸ ಪ್ರಿಂಟಿಗೆ ಸಹಿಯಾಗಿ, ಹನ್ನೆರಡೂಕಾಲಿಗೆ ಹಾಲು ಉಕ್ಕಿತು. ಅಮೃತ ಖಾಲಿ ಮನೆಯ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಅಂಬೆಗಾಲಿಟ್ಟಿತು. ಮುನಿಗಂಗಮ್ಮ ಹೊಸ ಅಗ್ರಿಮೆಂಟನ್ನು ಸೊಸೆಯ ಕೈಗೆ ಕೊಟ್ಟು, "ನನ್ನ ಹೆಸರು ಎಲ್ಲೈತೆ ತೋರ್ಸು," ಎಂದರು. ತನುಜ ತೋರಿಸಿದಳು. ಅವರು ಆ ಸಾಲಿನ ಮೇಲೆ ಬೆರಳಿಟ್ಟು, ಮಗುವಿನ ಹೆಸರನ್ನೂ ತೋರಿಸು ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀವೂ ಪಟ್ಟಣದಲ್ಲಿ ಮನೆ ಹಿಡಿಯಬಹುದು. ಮನೆಯನ್ನು ಕಣ್ಣಾರೆ ನೋಡಿ. ಓನರ್ ಜೊತೆ ನೀವೇ ಮಾತಾಡಿ. ಅಗ್ರಿಮೆಂಟ್ ಇಂಗ್ಲಿಷಿನಲ್ಲಿದ್ದರೆ, ಬಲ್ಲವರಿಂದ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆ ಸಹಿ ಹಾಕಿ, ಆಮೇಲೆ ಅಡ್ವಾನ್ಸ್ ಕೊಡಿ. ಕೇಳುವುದಕ್ಕೆ ನಾಚಿಕೆ ಬೇಡ. ನಿಮ್ಮ ಮನೆಯಲ್ಲಿ ಉಣ್ಣುವ ಪ್ರತಿಯೊಬ್ಬರ ಹೆಸರೂ ಆ ಕಾಗದದಲ್ಲಿರಲಿ.